ಹಿಡಿ ಮಲಗಿಸಿಟ್ಟ ಗಿಲಕಿಗಳು

ಮೊನ್ನೆ ಕಾಲೇಜಿನಲ್ಲಿ ಉತ್ತರ ಪತ್ರಿಕೆಗಳ ಕಟ್ಟಿಗೆ ಮೊಹರು ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಅರಗಿನ ಕಡ್ಡಿಯನ್ನು ಮೇಣದಬತ್ತಿಗೆ ಹಿಡಿದು, ಬಟ್ಟೆಯ ಹೊಲಿಗೆಯ ಮೇಲೆ ತೊಟ್ಟು ತೊಟ್ಟಾಗಿ ಇಳಿಸಿ, ಆರುವ ಮೊದಲು ಹಿತ್ತಾಳೆಯ ಮುದ್ರೆ ಒತ್ತಬೇಕು. ಮೊದಲ ತೊಟ್ಟು ಬಿದ್ದಾಗ ಎದ್ದ ವಾಸನೆ ನನ್ನನ್ನು ಮಾಗಡಿಯ ಆ ಕೊಠಡಿಯಿಂದ ಎತ್ತಿ ಚನ್ನಪಟ್ಟಣದ ಒಂದು ಓಣಿಯ ಜಗಲಿಯ ಮೇಲೆ ಕೂರಿಸಿತು. "ಸಾರ್, ಕೈ ಸುಟ್ಕೋತೀರಾ" ಎಂದು ಪಕ್ಕದವರು ಹೇಳುವವರೆಗೂ ನಾನು ಅಲ್ಲೇ ಇದ್ದೆ.

ಒಂಬತ್ತು ವರ್ಷದ ಹಿಂದೆ ನನಗೆ ಕೆಲಸವಿರಲಿಲ್ಲ. ಪಾಠ ಹೇಳುತ್ತಿದ್ದ ಟ್ಯುಟೋರಿಯಲ್ ಬಾಗಿಲು ಹಾಕಿತ್ತು. ಸಾತನೂರಿನ ಹತ್ತಿರದ ನಮ್ಮೂರಿಗೆ ಹೋಗಬಹುದಿತ್ತು. ಆದರೆ ಡೇರಿ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತವರು "ಏನ್ಲಾ, ರಜವಾ?" ಎಂದು ಕೇಳುತ್ತಾರೆ. ಮೊದಲ ವಾರ ಹೌದು ಎನ್ನಬಹುದು. ಎರಡನೆಯ ವಾರ ಏನೆನ್ನುವುದು? ಹಾಗಾಗಿ ಚನ್ನಪಟ್ಟಣದ ಬಾಡಿಗೆ ಕೋಣೆಯಲ್ಲೇ ಹನ್ನೊಂದು ತಿಂಗಳು ಉಳಿದೆ. ಮೊದಮೊದಲು ದಿನಾ ಒಂಬತ್ತೂವರೆಗೆ ಇಸ್ತ್ರಿಯ ಅಂಗಿ ತೊಟ್ಟು, ಬ್ಯಾಗು ಹೆಗಲಿಗೇರಿಸಿ ಓಣಿ ದಾಟುತ್ತಿದ್ದೆ. ಬ್ಯಾಗಿನಲ್ಲಿ ಒಂದು ಛತ್ರಿ ಮತ್ತು ಒಂದು ದಿನಚರಿಯ ಪುಸ್ತಕ. ನನ್ನ ಈ ನಾಟಕ ಓಣಿಗೆ ಮೂರನೆಯ ದಿನವೇ ಗೊತ್ತಾಗಿತ್ತೆಂದು ನನಗೆ ಗೊತ್ತಾದದ್ದು ಮೂರನೆಯ ತಿಂಗಳು.

ನಿಮಗೂ ಅಂಥ ದಿನಗಳು ಬಂದಿದ್ದರೆ ಬಲ್ಲಿರಿ, ಬೆಳಿಗ್ಗೆ ಹತ್ತೂವರೆಯ ಬೀದಿ ಕೆಲಸಕ್ಕೆ ಹೋಗುವವರಿಗೆ ಕಾಣುವುದೇ ಇಲ್ಲ. ಸೊಪ್ಪಿನವಳು ಬುಟ್ಟಿಯನ್ನು ಮುಕ್ಕಾಲು ಖಾಲಿ ಮಾಡಿ, ಗೋಡೆಗೊರಗಿ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿರುತ್ತಾಳೆ. ವಾಚನಾಲಯದಲ್ಲಿ ನಿವೃತ್ತರು ಒಂದೇ ಪತ್ರಿಕೆಯನ್ನು ಹಾಳೆ ಹಾಳೆಯಾಗಿ ಹಂಚಿಕೊಂಡು ಓದುತ್ತಾರೆ. ನನಗೆ ದಿನವೂ ಮೊದಲು ಸಿಗುತ್ತಿದ್ದುದು ಮಧ್ಯದ ಹಾಳೆ, ಹಾಗಾಗಿ ಆ ವರ್ಷ ನನಗೆ ಮುಖಪುಟದ ಸುದ್ದಿಗಿಂತ ಪೇಟೆ ಧಾರಣೆ ಚೆನ್ನಾಗಿ ಗೊತ್ತಿತ್ತು. ಚಹಾದಂಗಡಿಯಲ್ಲಿ ಬೈ-ಟು ಹೇಳುತ್ತಿದ್ದೆ. ಹಂಚಿಕೊಳ್ಳಲು ಯಾರೂ ಇಲ್ಲದೆ ಇನ್ನರ್ಧವನ್ನು ಅಂಗಡಿಯವನೇ ಕುಡಿಯುತ್ತಿದ್ದ. ಇವೆಲ್ಲ ಸುಖಗಳೇ. ಆದರೆ ಮಧ್ಯಾಹ್ನದ ಹೊತ್ತಿಗೆ ಮುಗಿದುಹೋಗುತ್ತಿದ್ದವು. ಉಳಿದ ಹೊತ್ತನ್ನು ಏನು ಮಾಡುವುದೆಂದು ತಿಳಿಯದೆ ನಾನು ಬಾಷಾ ಸಾಬ್ರ ಜಗಲಿಗೆ ಹೋಗಿ ಕೂರಲು ಶುರು ಮಾಡಿದೆ.

ನನ್ನ ಕೋಣೆಯಿಂದ ನಾಲ್ಕನೆಯ ಮನೆ ಅವರದು. ಜಗಲಿಯ ಒಂದು ಬದಿಗೆ ಬೊಂಬೆಯ ಮರ ಕಡೆಯುವ ಲೇತು, ಇನ್ನೊಂದು ಬದಿಗೆ ಹಾಲೆ ಮರದ ತುಂಡುಗಳ ರಾಶಿ. ತಿರುಗುವ ಮರಕ್ಕೆ ಅವರು ಉಳಿ ಹಿಡಿದರೆ ರಿಬ್ಬನ್ನಿನಂತೆ ಮರದ ಸಿಪ್ಪೆ ಹಾರುತ್ತಿತ್ತು. ಆಕಾರ ಬಂದ ಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಿದ್ದರು. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತಿತ್ತು. ಕೊನೆಗೆ ಒಣಗಿದ ಕೇದಗೆ ಗರಿಯಿಂದ ಒರೆಸಿದರೆ ಕನ್ನಡಿಯ ಹೊಳಪು. ಅವರು ನನ್ನನ್ನು "ಮೇಷ್ಟ್ರೇ" ಎಂದು ಕರೆಯುತ್ತಿದ್ದರು. ನನಗೆ ಪಾಠ ಮಾಡಲು ಯಾರೂ ಇಲ್ಲದಿದ್ದ ಕಾಲದಲ್ಲಿ ಹಾಗೆ ಕರೆದವರು ಅವರೊಬ್ಬರೇ.

"ಸುಮ್ಕೆ ಕೂತ್ರೆ ಮೈ ಜಡ್ಡಾಯ್ತದೆ ಮೇಷ್ಟ್ರೇ, ಆ ಮಣಿ ಡಬ್ಬ ಒಸಿ ಇತ್ಲಾಗ್ ತಕ್ಕೊಳ್ಳಿ" ಎಂದು ಒಂದು ದಿನ ಅಂದರು. ಅಲ್ಲಿಂದ ನಾನು ಗಿಲಕಿಗಳಿಗೆ ಮಣಿ ಹಾಕುವವನಾದೆ. ಮಗುವಿನ ಕೈಯಲ್ಲಿ ಗಲಗಲ ಎನ್ನುವ ಮರದ ಗಿಲಕಿಯನ್ನು ನೀವು ನೋಡಿರುತ್ತೀರಿ. ಅದರ ಟೊಳ್ಳು ತಲೆಗೆ ಹೆಬ್ಬೆರಳು ಗಾತ್ರದ ತೂತು. ತೂತಿನಿಂದ ಐದು ಮಣಿ ಬಿಟ್ಟು, ಹಿಡಿಯ ತುದಿಗೆ ಗೋಂದು ಸವರಿ, ಅದೇ ತೂತಿಗೆ ಸಿಕ್ಕಿಸಿದರೆ ಮುಗಿಯಿತು. ಇದಕ್ಕೆ ಸಾಬ್ರದೊಂದು ಕ್ರಮವಿತ್ತು. ಹಿಡಿ ತೂತಿನಲ್ಲಿ ಸಡಿಲವಾಗಿ ನಿಂತಿದ್ದರೆ ಮಣಿ ಬಿದ್ದಿದೆ, ಗೋಂದು ಬಾಕಿ ಎಂದರ್ಥ. ಹಿಡಿ ಪಕ್ಕದಲ್ಲಿ ಮಲಗಿದ್ದರೆ ಹೊಟ್ಟೆ ಖಾಲಿ. ಕೆಲಸದ ನಡುವೆ ಎದ್ದು ಹೋದರೂ ಬಂದವರಿಗೆ ತಟ್ಟೆಯೇ ಹೇಳಿಬಿಡುತ್ತಿತ್ತು.

ಒಂದು ಶುಕ್ರವಾರ ಸಾಬ್ರು ಮಧ್ಯಾಹ್ನದ ನಮಾಜಿಗೆ ಹೊರಟರು. ತಟ್ಟೆಯಲ್ಲಿ ನಲವತ್ತು ಗಿಲಕಿಗಳು, ಪಕ್ಕದಲ್ಲಿ ಮಲಗಿದ ನಲವತ್ತು ಹಿಡಿಗಳು. ಅವರು ಬರುವಷ್ಟರಲ್ಲಿ ಎಲ್ಲ ಮುಗಿಸಿ ಆಶ್ಚರ್ಯಪಡಿಸಬೇಕೆಂದು ನನಗೆ ಹುಮ್ಮಸ್ಸು ಬಂತು. ಆ ಬೆಳಿಗ್ಗೆ ಮಾಗಡಿಯ ಕಾಲೇಜಿನಿಂದ ಸಂದರ್ಶನದ ಪತ್ರ ಬಂದಿತ್ತು. ಕೈ ಗೋಂದಿನಲ್ಲಿತ್ತು, ಬಾಯಿ ಸಂದರ್ಶನದ ಉತ್ತರಗಳನ್ನು ಒಪ್ಪಿಸುತ್ತಿತ್ತು. ಹಿಡಿಗಳು ಮಲಗಿದ್ದವೆಂಬುದು ಕಣ್ಣಿಗೆ ಬಿದ್ದಿರಲೇಬೇಕು. ಆದರೂ ಒಂದೊಂದನ್ನೇ ಎತ್ತಿ, ಗೋಂದು ಸವರಿ, ನಲವತ್ತು ಖಾಲಿ ಹೊಟ್ಟೆಗಳನ್ನೂ ಮುಚ್ಚಿದೆ.

ಸಾಬ್ರು ಬಂದವರು ತಟ್ಟೆ ನೋಡಿ ನಿಂತರು. "ಓ, ಗೋಂದ್ ಹಚ್ಚೇ ಹೋಗಿದ್ನಾ ನಾನು?" ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ನಾನು ನಕ್ಕು ಸುಮ್ಮನಾದೆ, ಆಮೇಲೆ ಹೇಳೋಣವೆಂದು. ಅವರು ಎಂದಿನಂತೆ ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ತಲೆದೂಗಿ, ಅರಗಿಗೆ ಇಟ್ಟುಕೊಂಡರು. ಎದುರು ಮನೆಯ ಲೇತು ಓಡುತ್ತಿತ್ತು, ಹಾಗಾಗಿ ಸದ್ದಿಲ್ಲವೆಂಬುದು ನನಗೂ ತಿಳಿಯಲಿಲ್ಲ.

ನಾಲ್ಕು ದಿನಕ್ಕೆ ಹೆದ್ದಾರಿಯ ಬೊಂಬೆ ಅಂಗಡಿಯ ಪುಟ್ಟಸ್ವಾಮಿ ಡಬ್ಬವನ್ನು ಸ್ಕೂಟರಿನ ಮೇಲಿಟ್ಟುಕೊಂಡು ವಾಪಸು ಬಂದ. "ಏನ್ ಸಾಬ್ರೇ, ಈ ಸತಿ ಮೂಗ್ ಗಿಲ್ಕಿ ಮಾಡ್ಬುಟ್ಟಿದ್ದೀರಾ? ಗಿರಾಕಿ ಮುಂದೆ ಅಲ್ಲಾಡ್ಸುದ್ರೆ ಉಸ್ರೇ ಇಲ್ಲ. ಅಳೋ ಮಗೀಗ್ ಕೊಟ್ರೆ ಇದುನ್ನ ನೋಡಿ ಅದೂ ಬಾಯ್ ಮುಚ್ಕತದೇನೋ!"

ಜಗಲಿಯಲ್ಲಿದ್ದವರೆಲ್ಲ ನಕ್ಕರು. ಸಾಬ್ರೂ ನಕ್ಕು ಒಂದು ಗಿಲಕಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರು. "ಬತ್ತದಲ್ಲಪ್ಪಾ ಸದ್ದು" ಎಂದರು. ಮತ್ತೊಂದು ತೆಗೆದರು. "ಇದ್ರಲ್ಲೂ ಐತಲ್ಲ. ಗಲಗಲ ಅಂತೈತೆ."

ಆಗ ಯಾರೂ ನಗಲಿಲ್ಲ. ಪುಟ್ಟಸ್ವಾಮಿ ನನ್ನ ಮುಖ ನೋಡಿದ. ಸಾಬ್ರ ಹೆಂಡತಿ, ನಾನು ಚಾಚಿ ಎನ್ನುತ್ತಿದ್ದವರು, ಬಾಗಿಲ ಪರದೆ ಹಿಡಿದು ನಿಂತಿದ್ದರು. ನಲವತ್ತು ವರ್ಷ ಲೇತಿನ ಪಕ್ಕ ಕೂತ ಸಾಬ್ರ ಕಿವಿ ಯಾವಾಗಲೋ ಮುಚ್ಚಿಕೊಂಡಿತ್ತು. ಅವರು ತುಟಿ ನೋಡಿ ಮಾತು ತಿಳಿಯುತ್ತ, ಕೈಗೆ ತಗಲುವ ಅದುರಿನಿಂದ ಮಣಿ ಲೆಕ್ಕ ಹಾಕುತ್ತ ಅದನ್ನು ಮನೆಯವರಿಂದಲೂ ಮುಚ್ಚಿಟ್ಟಿದ್ದರು. ಈ ಗಿಲಕಿಗಳ ವಿಷಯದಲ್ಲಿ ಕೈಗಿಂತ, ಮಣಿ ಇದೆಯೆಂಬ ನಂಬಿಕೆಯೇ ಹೆಚ್ಚು ಕೇಳಿಸಿಕೊಂಡಿತೋ ಏನೋ.

"ಆಯ್ತು ಬುಡಿ ಸಾಬ್ರೇ, ಇನ್ನೊಂದ್ ಸತಿ ಮಾಡುದ್ರಾಯ್ತು" ಎಂದು ಪುಟ್ಟಸ್ವಾಮಿ ಮೆಲ್ಲಗೆ ಡಬ್ಬ ಇಳಿಸಿ ಹೋದ. ಆಮೇಲೆ ಅವನು ಬಳೆ, ಪೆನ್ನು ಹಾಕುವ ಬಟ್ಟಲು, ಇಂಥವನ್ನೇ ಮಾಡಿಸುತ್ತಿದ್ದ. ಗಿಲಕಿಯನ್ನು ಮತ್ತೆಂದೂ ಕೇಳಲಿಲ್ಲ.

ಈ ಕತೆಯನ್ನು ನಾನು ಸ್ಟಾಫ್ ರೂಮಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ. ನಾನು ಹೇಳುವ ಕತೆಯಲ್ಲಿ ಪುಟ್ಟಸ್ವಾಮಿ ಹೋದ ಕೂಡಲೇ ನಾನು "ಸಾಬ್ರೇ, ತಪ್ಪು ನನ್ನದು" ಎನ್ನುತ್ತೇನೆ. ಅವರು ನನ್ನ ಬೆನ್ನಿಗೊಂದು ಗುದ್ದಿ ಚಹಾ ತರಿಸುತ್ತಾರೆ. ಚಹಾದ ಬಿಸಿ, ಗುದ್ದಿನ ನೋವು ಎರಡೂ ನನಗೆ ಸ್ಪಷ್ಟವಾಗಿ ನೆನಪಿವೆ. ಅರಗಿನ ವಾಸನೆ ಬಡಿದ ಆ ಸಂಜೆ ಮನೆಗೆ ಬಂದು, ಆ ವರ್ಷದ ದಿನಚರಿ ಹುಡುಕಿ ತೆಗೆದೆ. ಇನ್ನಷ್ಟು ಸುಖವಾಗಿ ನೆನೆಯೋಣವೆಂಬ ಆಸೆ. ಅಲ್ಲಿದ್ದುದು ಇಷ್ಟು: "ಗಿಲಕಿ ವಾಪಸು ಬಂತು. ಸಾಬ್ರು 'ಹಿಡಿ ಮಲಗ್ಸೇ ಹೋಗಿದ್ದೆ, ನಂಗೆ ನೆನಪೈತೆ' ಅಂದರು. ಚಾಚಿ, ಇಲ್ಲ, ನೀವೇ ಮರೆತಿದ್ದೀರಿ, ಈಚೆಗೆ ಎಲ್ಲ ಮರೆಯುತ್ತೀರಿ ಅಂದರು. ಸಾಬ್ರು ನನ್ನ ಕಡೆ ನೋಡಿದರು. ನಾನು ಮಾತಾಡಲಿಲ್ಲ. ಸಂಜೆ ಮಸಾಲೆ ದೋಸೆ."

ಪುಟ ತಿರುವಿದೆ. ಮುಂದಿನ ವಾರಗಳಲ್ಲೂ ಎಲ್ಲೂ ನಾನು ನಿಜ ಹೇಳಿದ ಸುದ್ದಿಯಿಲ್ಲ. ಸಾಬ್ರ ಮಾತು ಮಾತ್ರ ಒಂದು ಕಡೆ ಇದೆ: "ಕಿವಿ ಹೋದ್ರೆ ಹೋಗ್ಲಿ ಮೇಷ್ಟ್ರೇ, ನೆನಪೂ ಹೋಯ್ತಲ್ಲ." ಅದರ ಕೆಳಗೆ ನನ್ನ ನೇಮಕಾತಿಯ ಸುದ್ದಿ, ದೊಡ್ಡ ಅಕ್ಷರದಲ್ಲಿ.

ಯಾಕೆ ಹೇಳಲಿಲ್ಲ? ಕೆಲಸವಿಲ್ಲದ ನಾನು ಯಾರಿಗಾದರೂ ಬೇಕಾದವನಾಗಿದ್ದ ಜಾಗ ಆ ಜಗಲಿಯೊಂದೇ, ಅದು ತಪ್ಪಿಹೋಗುವ ಭಯ ಎಂದು ಈಗ ಬರೆಯಬಹುದು. ಅದು ಸತ್ಯವೂ ಇರಬಹುದು. ಆದರೆ ಚಹಾವನ್ನೇ ಹುಟ್ಟಿಸಿಕೊಂಡ ಮನಸ್ಸು ಕಾರಣವನ್ನು ಹುಟ್ಟಿಸಿಕೊಳ್ಳದೆ ಇದ್ದೀತೇ? ಒಂದಂತೂ ನಿಶ್ಚಯ: ಸರಿಯಾಗಿದ್ದ ಅವರ ನೆನಪನ್ನು ಅವರೇ ನಂಬದಂತೆ ಮಾಡಿ, ತಪ್ಪಾಗಿದ್ದ ನನ್ನ ನೆನಪನ್ನು ನಾನು ಒಂಬತ್ತು ವರ್ಷ ನಂಬಿಕೊಂಡು ಬಂದಿದ್ದೆ.

ಭಾನುವಾರ ಚನ್ನಪಟ್ಟಣದ ಬಸ್ಸು ಹತ್ತಿದೆ. ಸಾಬ್ರು ಜಗಲಿಯಲ್ಲೇ ಇದ್ದರು. ಲೇತು ಈಗ ಅಳಿಯನದು, ಇವರು ಸುಮ್ಮನೆ ಬಿಸಿಲಿಗೆ ಕೂತಿದ್ದರು. ಗುರುತು ಹಿಡಿದು, "ಅರೆ, ಮೇಷ್ಟ್ರು!" ಎಂದು ಕೈಹಿಡಿದು ಕೂರಿಸಿಕೊಂಡರು. ಒಳಗೆ ಚಾಚಿ ಪಾತ್ರೆ ತೊಳೆಯುತ್ತಿದ್ದರು. "ನೋಡಿ ಮೇಷ್ಟ್ರೇ, ಕನ್ನಡಕ ಎಲ್ಲಿಟ್ಟೆ ಅಂತ ಬೆಳಿಗ್ಗೆಯಿಂದ ಬೈತಾವ್ಳೆ" ಎಂದು ನಕ್ಕರು. "ಈ ಮನೇಲಿ ಏನ್ ಕಳುದ್ರೂ ಕಳ್ದಿದ್ದು ನಾನೇ. ಗಿಲ್ಕಿ ಕಾಲದಿಂದ್ಲೂ ಹಂಗೇ ಆಗೋಗದೆ."

ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತೆಲ್ಲ ಮೆಲ್ಲಗೆ ಹೇಳುವ ಮಾತುಗಳು. ಕಿವಿ ಕೇಳದವರ ಮುಂದೆ ಅಂಥ ಮಾತಿಗೆ ಎಡೆಯಿಲ್ಲವೆಂದು ನನಗೆ ಹೊಳೆದಿರಲಿಲ್ಲ. ಬಗ್ಗಿ, ತುಟಿ ಕಾಣುವಂತೆ ಹೇಳಿದೆ. ಆ ನಲವತ್ತಕ್ಕೂ ಗೋಂದು ಹಚ್ಚಿದ್ದು ನಾನು, ನೀವು ನಮಾಜಿಗೆ ಹೋಗಿದ್ದಾಗ.

ಅವರು ನನ್ನ ಕಡೆ ತಲೆ ವಾಲಿಸಿದರು. "ಕೇಳಿಸ್ಲಿಲ್ಲ. ಒಸಿ ಜೋರಾಗ್ ಹೇಳಿ."

ಜೋರಾಗಿ ಹೇಳಿದೆ. ಎದುರು ಮನೆಯ ಲೇತು ನಿಂತಿತು. ಅಲ್ಲಿದ್ದವನು ಕತ್ತು ಚಾಚಿ ನೋಡಿದ.

"ಇನ್ನೂ ಒಂದ್ ಸತಿ" ಎಂದರು ಸಾಬ್ರು, ಕಿವಿಯ ಹಿಂದೆ ಅಂಗೈ ಹಿಡಿದು. ಆಗ ಗಮನಿಸಿದೆ. ಅವರು ನನ್ನ ತುಟಿಯನ್ನು ನೋಡುತ್ತಿರಲಿಲ್ಲ, ಒಳಬಾಗಿಲ ಪರದೆಯನ್ನು ನೋಡುತ್ತಿದ್ದರು. ಮೊದಲ ಸಲವೇ ಅವರಿಗೆ ಅರ್ಥವಾಗಿತ್ತು.

ನಾನು ಎದ್ದು ನಿಂತೆ. ತರಗತಿಯ ಕೊನೆಯ ಬೆಂಚಿಗೆ ಕೇಳಿಸುವ ದನಿಯಲ್ಲಿ ಹೇಳಿದೆ: ಬಾಷಾ ಸಾಬ್ರು ಮರೆತಿರಲಿಲ್ಲ, ಹಿಡಿಗಳನ್ನು ಮಲಗಿಸೇ ಹೋಗಿದ್ದರು, ಮಣಿ ಹಾಕದೆ ಮುಚ್ಚಿದವನು ನಾನು, ಗೊತ್ತಿದ್ದೂ ಬಾಯಿ ಬಿಡದವನೂ ನಾನೇ.

ಒಳಗೆ ಪಾತ್ರೆಯ ಸದ್ದು ನಿಂತಿತು. ಸಾಬ್ರಿಗೆ ಅದು ಹೇಗೆ ತಿಳಿಯಿತೋ ಕಾಣೆ. ನನ್ನನ್ನು ಬಿಟ್ಟು ಪರದೆಯತ್ತ ತಿರುಗಿ, ಕೇಳಿಸಿಕೊಂಡೆಯಾ ಎಂದು ತಮ್ಮ ಮನೆಮಾತಿನಲ್ಲಿ ಕೇಳಿದರು: "ಸುನಿ ಕ್ಯಾ?"