ಮೊದಲ ಹನಿ ಯಾರದು?

ನನಗೆ ಸಿಟ್ಟು ಜಾಸ್ತಿ. ಈ ಅಂಕಣ ಓದುವವರಿಗೆ ಇದೇನು ಹೊಸ ಸುದ್ದಿಯಲ್ಲ. ಆದರೆ ತಪ್ಪು ನನ್ನದಲ್ಲ, ಜೇನುತುಪ್ಪದ್ದು!

ಕೂಸು ಹುಟ್ಟಿದ ಕೂಡಲೇ ನಮ್ಮಲ್ಲಿ ಹಿರಿಯರೊಬ್ಬರು ಬೆರಳಿಗೆ ಜೇನು ಹಚ್ಚಿ ಅದರ ನಾಲಿಗೆಗೆ ಮುಟ್ಟಿಸುತ್ತಾರೆ. ಮುಟ್ಟಿಸಿದವರ ಗುಣವೇ ಕೂಸಿಗೆ ಬರುತ್ತದೆಂಬ ನಂಬಿಕೆ. ನನಗೆ ಮುಟ್ಟಿಸಿದ್ದು ಶಹಾಬಾದಿನ ದೊಡ್ಡಪ್ಪ. ಕಲ್ಲು ಪಾಲಿಶ್ ಮಾಡುವ ಮಶೀನಿನ ಸದ್ದನ್ನೂ ಮೀರಿ ಬೈಯುತ್ತಿದ್ದ ಮನುಷ್ಯ. ನಾನು ಸ್ವಲ್ಪ ದನಿ ಎತ್ತಿದರೂ ಸಾಕು, ಮನೆಯಲ್ಲಿ ಈಗಲೂ "ದೊಡ್ಡಪ್ಪನ ಜೇನು ಮಾತಾಡ್ಲಿಕತ್ತದ" ಅನ್ನುತ್ತಾರೆ. (ಐವತ್ಮೂರು ವರ್ಷ ಹಳೆಯ ಜೇನು. ಇನ್ನೂ ಎಕ್ಸ್‌ಪೈರಿ ಆಗಿಲ್ಲ.)

ಹಾಗಾಗಿ ಅಣ್ಣನ ಮಗಳು ವಿದ್ಯಾ ಚೊಚ್ಚಲ ಹೆರಿಗೆಗೆಂದು ಸೇಡಂನ ನಮ್ಮ ಮನೆಗೆ ಬಂದಾಗ ಮನೆಯಲ್ಲಿ ಒಂದು ಠರಾವು ಪಾಸಾಯಿತು. ನಾನು ಜೇನಿನ ಬಾಟಲಿ ಮುಟ್ಟುವಂತಿಲ್ಲ! ಆ ಗೌರವ ವಿದ್ಯಾಳ ಗಂಡನ ತಾಯಿ, ವಾಡಿಯ ಗಿರಿಜಾಬಾಯಿಯವರಿಗೆ. ಮೂವತ್ತು ವರ್ಷ ರೈಲ್ವೆ ಕ್ವಾರ್ಟರ್ಸಿನಲ್ಲಿ ಇದ್ದರೂ ಅವರ ದನಿ ಪಕ್ಕದ ಮನೆಗೆ ಕೇಳಿದ್ದಿಲ್ಲ. ಅಂಥ ಶಾಂತ ಸ್ವಭಾವ.

ತಯಾರಿ ಜೋರಾಗಿ ನಡೆಯಿತು. ಹಾಲು ಹೆಚ್ಚಲಿ ಎಂದು ಅತ್ತಿಗೆ ಅಂಟಿನ ಉಂಡೆ ಕಟ್ಟಿದಳು. ಅಳವಿ ಬೀಜ ಬಂತು, ಒಣ ಕೊಬ್ಬರಿ ಬಂತು. ಅಣ್ಣ ಚಿಂಚೋಳಿಯಿಂದ ಕಾಡಿನ ಜೇನು ತರಿಸಿದ. ಎಲ್ಲರದೂ ಹಾಲಿನದೇ ಮಾತು. ಕುಡಿಸುವವಳನ್ನು ಒಂದು ಮಾತು ಕೇಳಿದವರು ಯಾರು?

ಮೊನ್ನೆ ಭಾನುವಾರ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಮೆಲ್ಲಗೆ ಕೇಳಿದಳು, "ಅತ್ತಿ, ನಿನ್ನ ಸಿಟ್ಟು ಒಂದ್ ತಾಸು ನನಗ ಕೊಡ್ತೀಯೇನ?"

ಆಸ್ಪತ್ರೆಯ ಸಿಸ್ಟರ್ ಅವಳಿಗೆ ಎಲ್ಲ ತಿಳಿಸಿದ್ದರು. ಹುಟ್ಟಿದ ಒಂದು ತಾಸಿನೊಳಗೆ ಕೂಸನ್ನು ಎದೆಗೆ ಹಾಕಿಕೊಳ್ಳಬೇಕು. ಮೊದಲ ಹಾಲು ಹಳದಿ, ಮಂದ, ತುಸುವೇ ಬರುತ್ತದೆ. ಆ ಪುಟ್ಟ ಹೊಟ್ಟೆಗೆ ಅಷ್ಟೇ ಸಾಕು. ಜೇನು, ಬೆಲ್ಲದ ನೀರು ಯಾವುದೂ ಬೇಡ. ಕೂಸನ್ನು ಹೇಗೆ ಹಿಡಿಯಬೇಕೆಂದು ದಿಂಬು ಕೊಟ್ಟು ಕಲಿಸಿದ್ದರಂತೆ.

"ಎಲ್ಲಾ ಕಲ್ತೀನಿ ಅತ್ತಿ. ಆದ್ರ ವಾಡಿ ಅತ್ತಿಯವರು ಬೆರಳಿಗಿ ಜೇನು ಹಚ್ಕೊಂಡು ನಗಕೋತ ಬಂದ್ರ, ಬ್ಯಾಡ್ರಿ ಅನ್ಲಿಕ್ಕ ನನಗ ಬಾಯೇ ಬರಂಗಿಲ್ಲ. ಮದಲಿನ ಹಾಲು ಹಿಂಡಿ ಚೆಲ್ಲು ಅಂದ್ರ ಚೆಲ್ಲಿಬಿಡ್ತೀನೇನೋ ಅಂತ ಭಾಳ ಅಂಜಿಕಿ ಆಗ್ಯಾದ. ನೀ ಬಾಗಲದಾಗ ನಿಲ್ಲು."

ಖುಷಿಯಾಯಿತು. ಇಷ್ಟು ವರ್ಷ ಬೈಸಿಕೊಂಡ ಸಿಟ್ಟಿಗೆ ಕೊನೆಗೂ ಒಂದು ನೌಕರಿ! ಆದರೆ ಅಲ್ಲಿಯವರೆಗೆ ಕಾಯುವುದೇಕೆ? ಮರುದಿನವೇ ಶಾಲೆಗೆ ರಜೆ ಹಾಕಿ ವಾಡಿಯ ರೈಲು ಹತ್ತಿದೆ. ಚಿತ್ತಾಪುರ ದಾಟುವಷ್ಟರಲ್ಲಿ ಆಡಬೇಕಾದ ಮಾತೆಲ್ಲ ಬಾಯಿಪಾಠವಾಗಿತ್ತು.

"ಬರ್ರಿ ಅಕ್ಕಾರ, ಕುಂದ್ರಿ" ಎಂದು ಗಿರಿಜಾಬಾಯಿ ಚಹಾ ಕೊಟ್ಟರು. ಸಿಸ್ಟರ್ ಹೇಳಿದ್ದು, ವಿದ್ಯಾ ನನ್ನನ್ನು ಬಾಗಿಲಲ್ಲಿ ನಿಲ್ಲಲು ಕೇಳಿದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಸೊಂಟಕ್ಕೆ ಸೆರಗು ಸಿಕ್ಕಿಸಿ ಜಗಳಕ್ಕೆ ತಯಾರಾದೆ.

ಜಗಳ ಬರಲೇ ಇಲ್ಲ. ಅವರು ಕಪ್ಪು ಕೆಳಗಿಟ್ಟರು.

"ನನ್ನ ಮದಲನೇ ಕೂಸಿಗಿ ಮೂರು ದಿನ ಕುಡಿಸ್ಲಿಕ್ಕ ಬಿಡ್ಲಿಲ್ರಿ. ಹೊಲಸು ಹಾಲು ಅಂತ ಹಿಂಡಿಸಿ ಹಿತ್ತಲದಾಗ ಚೆಲ್ಲಿಸಿದ್ರು. ಒಳಗ ಕೂಸು ಬೆಲ್ಲದ ನೀರು ಚೀಪಿ ಅಳ್ತಿತ್ತು. ನಾಕನೇ ದಿನ ಎದಿ ಕಲ್ಲಾಗಿ ಜ್ವರ ಬಂದ್ವು. ಕೂಸು ಬಾಯೇ ಹಚ್ಚಲಿಲ್ಲ. ಆಮ್ಯಾಲ ಎಲ್ಲಾರೂ ಏನಂದ್ರು ಗೊತ್ತೇನ್ರಿ? ಈಕಿಗಿ ಹಾಲೇ ಇಲ್ಲ ಅಂದ್ರು."

ಆ ಕೂಸೇ ವಿದ್ಯಾಳ ಗಂಡ. ಬಾಟಲಿ ಹಾಲಿನಲ್ಲಿ ಬೆಳೆದವನು. ತಾಯಿಗೆ ಹಾಲಿರಲಿಲ್ಲ ಎಂಬ ಮಾತು ನಮ್ಮ ಕಿವಿಗೂ ಬಿದ್ದಿತ್ತು. ನಾವೂ ನಂಬಿದ್ದೆವು.

"ಮತ್ತ ನೀವು ಏನೂ ಅನ್ನಲಿಲ್ಲೇನ್ರಿ?"

"ಏನ್ ಅನ್ಬೇಕ್ರಿ? ಹತ್ತೊಂಬತ್ತು ವರ್ಷದಾಕಿ ಇದ್ದೆ. ನನ್ನ ಬಾಗಲದಾಗ ಯಾರೂ ನಿಂತಿರ್ಲಿಲ್ಲ."

ಕಣ್ಣು ತುಂಬಿ ಬಂತು. ಸಿಟ್ಟೂ ಬಂತು. ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯಲಿಲ್ಲ.

ಹೊರಡುವಾಗ ಕುಂಕುಮ ಹಚ್ಚುತ್ತ ಅವರೇ ಅಂದರು, "ನಾನೂ ನಿಲ್ತೀನ್ರಿ ಬಾಗಲದಾಗ. ನಮ್ಮ ಕಡಿಯವರು ಹತ್ತು ಮಂದಿ ಬರ್ತಾರ, ಮೈದುನನ ಹೆಂಡ್ತಿ, ನಮ್ಮ ನೆಗೆಣ್ಣಿ ಅಂತೂ ಜೇನು ತಗೊಂಡೇ ಬರ್ತಾಳ. ನೀವೊಬ್ರೇ ಸಾಲಂಗಿಲ್ಲ."

ಮುಂದಿನ ವಾರ ವಿದ್ಯಾಳಿಗೆ ದಿನ ತುಂಬುತ್ತವೆ. ಬಾಗಿಲ ಕಾವಲಿಗೆ ಇಬ್ಬರಿದ್ದಾರೆಂದು ತಿಳಿದ ಮೇಲೆ ಹುಡುಗಿ ಎರಡು ಉಂಡೆ ಹೆಚ್ಚೇ ತಿನ್ನುತ್ತಿದ್ದಾಳೆ. ಚಿಂಚೋಳಿಯ ಜೇನನ್ನು ನಾವು ಚಪಾತಿಗೆ ಹಚ್ಚಿಕೊಂಡು ಮುಗಿಸುತ್ತ ಬಂದಿದ್ದೇವೆ. (ಸಿಹಿಯಾಗಿದೆ. ನನ್ನ ಸಿಟ್ಟು ಮಾತ್ರ ಕಡಿಮೆಯಾಗಿಲ್ಲ.)

ವಾಡಿಯಿಂದ ಬಂದಾಗಿನಿಂದ ಒಂದೇ ಪ್ರಶ್ನೆ ಕೊರೆಯುತ್ತಿದೆ. ಗಿರಿಜಾಬಾಯಿಯವರನ್ನು ಶಾಂತ ಸ್ವಭಾವದವರು ಎಂದು ಇಷ್ಟು ದಿನ ಹೊಗಳಿದೆವಲ್ಲ, ಅವರು ಶಾಂತವಾಗಿದ್ದರೋ, ಬಾಯಿ ಮುಚ್ಚಿಕೊಂಡಿದ್ದರೋ?