ಶನಿವಾರ ಬಿಟ್ಟುಬಂದ ಚಪ್ಪಲಿ

ಮುತ್ಯಾಲಮ್ಮ ಬರಿಗಾಲಲ್ಲಿ ಮನೆಗೆ ಬಂದ ದಿನದಿಂದ ಸೊಸೆ ಸುಮಲತ ಅತ್ತೆ ಬಡಿಸಿದ್ದನ್ನು ತಿನ್ನುವುದು ಬಿಟ್ಟಳು.

ರಾಮನವಮಿಯಿಂದೀಚೆಗೆ ಶನಿವಾರ ಬಂತೆಂದರೆ ಮುತ್ಯಾಲಮ್ಮ ಬೆಳಗಿನ ಹಾಲು ಡೈರಿಗೆ ಹಾಕಿ, ಬಂಗಾರಪೇಟೆಗೆ ಹೋಗಿ ಬೆಂಗಳೂರಿನ ರೈಲು ಹತ್ತುತ್ತಿದ್ದಳು. ಎಲ್ಲಿಗೆಂದರೆ "ಸುಮ್ನೆ" ಎನ್ನುವಳು. ಚೀಲದಲ್ಲಿ ಕುಂಕುಮ, ಹೂವು. ಈಗ ಚಪ್ಪಲಿಯೂ ಇಲ್ಲ.

"ಶನಿವಾರ ಚಪ್ಲಿ ಬಿಟ್ಟು ಬಂದವ್ಳೆ ಅಂದ್ರೆ ಶನೀನ ಕಳ್ಕೊಂಡು ಬಂದವ್ಳೆ," ಎಂದಳು ಪಕ್ಕದ ಮನೆ ಕನಕಮ್ಮ. "ಯಾರ್ ತಲೆಗೆ ಕಟ್ಟಿದ್ಳೋ, ನೀನೇ ನೋಡ್ಕೊ ಕಣಮ್ಮಿ."

ಮಕ್ಕಳಾಗದ ಸುಮಲತಳಿಗೆ ಆ ಮಾತು ನಾಟಿತು. ಅತ್ತೆ ಮಾಟ ಮಾಡಿಸುತ್ತಿದ್ದಾಳೆಂದು ಚಿನ್ನದ ಗಣಿಯೂರು ಚಾಂಪಿಯನ್ ರೀಫ್ಸ್‌ನ ತವರಿಗೆ ಹೊರಡಲು ಬಟ್ಟೆ ಕಟ್ಟಿದಳು. ಹೋದರೆ ತಿರುಗಿ ಬರುವ ಹೆಣ್ಣಲ್ಲ.

ಮುತ್ಯಾಲಮ್ಮ ಎದುರು ಮನೆಯ ನಮ್ಮ ಜಗಲಿಗೆ ಬಂದು ಕೂತಳು.

"ಓದ್ವರ್ಷ ಬೆಂಗ್ಳೂರು ಆಸ್ಪತ್ರೆಗೆ ಓಗಿದ್ದಾಗ, ಪಾನಕ ಕೊಡ್ತಾರೆ ಅಂತ ರಾಮನವಮಿ ಚಪ್ಪರದೊಳಕ್ಕೆ ಓದೆ ಕಣಕ್ಕ. ದೊಡ್ಡೋರ ಸಂಗೀತ. ಕೇಳಿದ್ರೆ ಪದ ನಮ್ಮವ್ವನ ತೆಲುಗು. ಏಳಾಕೆ ಮನಸಾಗ್ಲಿಲ್ಲ. ಅದ್ಕೇ ಈ ವರ್ಷ ಶನಿವಾರ ಶನಿವಾರ ಓಯ್ತಿವ್ನಿ."

ಕಛೇರಿ ಸಂಜೆಗೆ. ಅಲ್ಲಿಯವರೆಗೆ ಬಿಸಿಲು ಕಳೆಯಲು ಒಂದು ವಾರ ಚಿತ್ರಗಳ ಮ್ಯೂಸಿಯಂ, ಒಂದು ವಾರ ಕಲ್ಲಿನ ವಿಗ್ರಹಗಳದ್ದು. ಪೂಜೆಯಿಲ್ಲದೆ ನಿಂತ ಅಮ್ಮನವರಿಗೆ ಹೂವು ಒಯ್ದರೆ ಕಾವಲಿನವನು ಮುಡಿಸಲು ಬಿಡಲಿಲ್ಲ. ದೇವರಿರುವ ಜಾಗವೆಂದು ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟಿದ್ದಳು. ತಿರುಗಿ ಬಂದಾಗ ಇರಲಿಲ್ಲ.

"ಸುಮಲತಂಗೆ ಇದ್ನೇ ಯೋಳು," ಎಂದೆ.

"ಸಗಣಿ ಬಾಚೋಳಿಗೆ ಸಂಗೀತ ಬೇರೆ ಅಂತ ನಗಲ್ವೇನಕ್ಕ?"

"ನಕ್ರೆ ನಗ್ಲಿ. ಜೊತೇಲೇ ಕರ್ಕೊಂಡೋಗು."

ಸುಮಲತ ಒಪ್ಪಿದಳು, ಕಳ್ಳತನ ಹಿಡಿಯಲೆಂದು. ದಾರಿಯುದ್ದಕ್ಕೂ ಅತ್ತೆಯ ಕೈಚೀಲದ ಮೇಲೇ ಅವಳ ಕಣ್ಣು. ಮ್ಯೂಸಿಯಮ್ಮಿನ ಬಾಗಿಲಲ್ಲಿ ಕಲ್ಲಿನ ಅಮ್ಮನವರು ಕಂಡದ್ದೇ ತಡ, ತಾನೂ ಚಪ್ಪಲಿ ಬಿಟ್ಟಳು.

"ಆಕ್ಕೊಂಡೇ ಬಾರಮ್ಮ, ಇದು ಗುಡಿಯಲ್ಲ," ಎಂದ ಕಾವಲಿನವನು.

ಅವಳು ಕೇಳಲಿಲ್ಲ. ಆದರೆ ಬಾಗಿಲಲ್ಲಿ ಬಿಡುವ ಧೈರ್ಯವೂ ಸಾಲದೆ, ಸೆರಗಿನಡಿ ಅವುಚಿಕೊಂಡು ಒಳಗೆ ನಡೆದಳು. ಮುತ್ಯಾಲಮ್ಮ ಅವಳನ್ನೂ ಸೆರಗನ್ನೂ ನೋಡುತ್ತ ಹಿಂದೆ ನಡೆದಳು.

ಸಂಜೆ ಎಂದಿನಂತೆ ಅರ್ಧ ಕಛೇರಿಗೇ ಎದ್ದು ರೈಲು ಹಿಡಿದರು. ಮುತ್ಯಾಲಮ್ಮ ಚಿತ್ರಾನ್ನದ ಡಬ್ಬಿ ತೆರೆದಳು.

"ನೀವ್ ಮೊದ್ಲು ತಿನ್ನಿ, ಅತ್ತಮ್ಮ," ಎಂದಳು ಸುಮಲತ.

ಮುತ್ಯಾಲಮ್ಮ ಒಂದು ತುತ್ತು ತಿಂದಳು. ಅದು ಗಂಟಲಲ್ಲಿ ಇಳಿಯುವವರೆಗೂ ನೋಡಿ, ಸುಮಲತ ಕೈ ಚಾಚಿದಳು.