ನಾನು ಅಳಿಸಿದ ನಡುಕ

ಕಸೂತಿ ಅಕ್ಕೋರ ಎಡಗೈ ತೋರುಬೆರಳಿನ ತುದಿ ಸೂಜಿ ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಜರಡಿಯಂತಾಗಿತ್ತು. ನಾನು ತಯಾರಿಸಿದ ಗ್ಲೌಸು ತೊಡಿಸುವಾಗಲೆಲ್ಲ ಆ ಒರಟು ಬೆರಳೇ ಸಿಕ್ಕಿಕೊಳ್ಳುತ್ತಿತ್ತು.

ನವನಗರದಲ್ಲಿ ಅವರದು ನಮ್ಮ ಪಕ್ಕದ ಮನೆ. ಎಳೆ ಎಣಿಸಿ ಸೂಜಿ ಹಾಕುವುದನ್ನು ಎಷ್ಟೋ ಹೆಣ್ಣುಮಕ್ಕಳಿಗೆ ಕೈ ಹಿಡಿದು ಕಲಿಸಿದವರು. ಮದುವೆಯಾಗಿ ದೂರ ಹೋದ ಶಿಷ್ಯೆಯರ ಕಲಿಕೆ ಅರ್ಧಕ್ಕೇ ನಿಂತಿತ್ತು. ಅವರಿಗಾಗಿ ನಾನು ಕಂಪ್ಯೂಟರಿನೊಳಗೆ ಒಂದು ಕೋಣೆ ಕಟ್ಟಿದೆ. ಕಣ್ಣಿಗೆ ಹೆಡ್‌ಸೆಟ್, ಕೈಗೆ ಗ್ಲೌಸು ಹಾಕಿಕೊಂಡರೆ ಯಾವ ಊರಲ್ಲಿದ್ದವರೂ ಅಲ್ಲಿ ಒಂದೇ ಚಾಪೆಯ ಮೇಲೆ ಕೂತಂತೆ. ಅಕ್ಕೋರು ದಾರ ಎಳೆದರೆ ಆ ಬಿಗಿ ಶಿಷ್ಯೆಯ ಬೆರಳಿಗೂ ತಿಳಿಯುತ್ತಿತ್ತು.

"ಗಾಣದ ಎತ್ತಿಗೆ ಕಟ್ಟಿದಂಗ ಕಣ್ಣಿಗೆ ಕಟ್ಟತೀಯಲ್ಲೋ ತಮ್ಮಾ!" ಎಂದು ಬೈಯುತ್ತಲೇ ಕೂರುತ್ತಿದ್ದರು. ಒಳಗೆ ಹೋದ ಮೇಲೆ ಅವರ ಗತ್ತು ನೋಡಬೇಕು. "ದಾರ ಜಗ್ಗಬ್ಯಾಡವಾ, ಕರಿ. ತಾನಾಗೇ ಬರತೈತಿ."

ಮೂರನೇ ತಿಂಗಳು ಶಿಷ್ಯೆಯರು ದೂರಿದರು: ಅಕ್ಕೋರು ಕೈ ಹಿಡಿದರೆ ನಮ್ಮ ಬೆರಳು ಅದುರುತ್ತದೆ. ಪರದೆಯ ಮೇಲೆ ಅವರ ಕೈಯ ಗೆರೆ ನೋಡಿದೆ, ಹೌದು, ಅಲುಗಾಡುತ್ತಿತ್ತು. ಗ್ಲೌಸಿನ ದೋಷವೆಂದುಕೊಂಡು, ಕೋಣೆಯೊಳಗೆ ಕಾಣುವ ಕೈಯಿಂದ ಅಲುಗಾಟವನ್ನು ಸೋಸಿ ತೆಗೆಯುವಂತೆ ಪ್ರೋಗ್ರಾಂ ಬರೆದೆ. ಮರುವಾರ ಅಲುಗಾಟ ಹೆಚ್ಚಿತು, ನಾನೂ ಹೆಚ್ಚು ಸೋಸಿದೆ. ಮೂರು ಸಲ ಗ್ಲೌಸು ಬದಲಿಸಿದೆ. ಅದರೊಳಗೊಂದು ಕೈ ಇದೆ ಎನ್ನುವುದು ಮಾತ್ರ ತಲೆಗೆ ಹೋಗಲಿಲ್ಲ. ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ! ಅವರು ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿಯತೊಡಗಿದ್ದನ್ನು ಕಂಡೂ, ಚಳಿಗಿರಬೇಕು ಎಂದುಕೊಂಡಿದ್ದೆ.

ಒಂದು ಬೆಳಿಗ್ಗೆ ಅಂಗಳದಲ್ಲಿ ಬಿದ್ದರು. ಹುಬ್ಬಳ್ಳಿಯ ಆಸ್ಪತ್ರೆಗೆ ನಾನೇ ಕರೆದೊಯ್ದೆ. ಮಿದುಳಿನಲ್ಲಿ ಗಡ್ಡೆ. "ಕೈ ನಡುಗಾಕ ಹತ್ತಿದ ಕೂಡಲೇ ಕರಕೊಂಡ ಬರಬೇಕಿತ್ರಿ. ಮನ್ಯಾಗ ಯಾರೂ ನೋಡಲಿಲ್ಲೇನ್ರಿ?" ಎಂದರು ಡಾಕ್ಟರು.

ನೋಡಿದ್ದೆ. ದಿನಾ ನೋಡಿದ್ದೆ, ದಿನಾ ಅಳಿಸಿದ್ದೆ.

ಅವರು ತೀರಿಕೊಳ್ಳುವ ಎರಡು ದಿನ ಮುಂಚೆ, ಮಂಚದ ಪಕ್ಕ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಅಕ್ಕೋರು ನಡುಗುವ ಕೈಯನ್ನು ನನ್ನ ತಲೆಯ ಮೇಲಿಟ್ಟರು.

"ಅಳಬ್ಯಾಡೋ ತಮ್ಮಾ. ಮನ್ಯಾಗ ನನಗ ಸೂಜಿಗೆ ದಾರ ಸೈತ ಪೋಣಿಸಾಕ ಆಗತಿದ್ದಿಲ್ಲ. ನಿನ್ನ ಖೋಲ್ಯಾಗ ಬಂದರ ಕೈ ಗಟ್ಟಿ ನಿಲ್ಲತಿತ್ತು ನೋಡು. ಕಡಿಮಿ ಆಗಾಕತ್ತೈತಿ ಅಂತ ತಿಳದು, ನಾನ ದವಾಖಾನಿಗೆ ಹೋಗಲಿಲ್ಲ."